ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ: ಲಾಭ, ನಷ್ಟ ಮತ್ತು ತಪಾಸಣೆಯ ಕ್ರಮ

ಇಪ್ಪತ್ತು, ಇಪ್ಪತ್ತೈದು ವರ್ಷ ಹಳೆಯದಾದ ವಿದೇಶಿ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕೆ ಬಂದಾಗ ಅದರ ಬೆಲೆ ಒಂದು ಸಾಧಾರಣ ಹೊಸ ಕಾರಿನ ಬೆಲೆಗೆ ಸಮನಾಗಿರುವುದನ್ನು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಇರುವುದನ್ನು ಕಂಡು ಮನಸ್ಸು ಸೋಲುವುದು ಸಹಜ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಮುಂಗಡ ಕೊಡುವ ಮೊದಲು ಒಂದು ಸಂಗತಿಯನ್ನು ಚೆನ್ನಾಗಿ ಅರಿತಿರಬೇಕು: ವರ್ಷಗಳು ಕಳೆದಂತೆ ಇಳಿಯುವುದು ಕಾರಿನ ಬೆಲೆ ಮಾತ್ರ. ಅದರ ಬಿಡಿಭಾಗಗಳ ಬೆಲೆಯಾಗಲಿ, ಅದನ್ನು ಬಿಚ್ಚಿ ಮತ್ತೆ ಜೋಡಿಸಲು ಬೇಕಾಗುವ ಕೆಲಸದ ಗಂಟೆಗಳಾಗಲಿ ಇಳಿಯುವುದಿಲ್ಲ. ಹೊಸತಿದ್ದಾಗ ಸಿರಿವಂತರಷ್ಟೇ ಕೊಳ್ಳಬಹುದಾಗಿದ್ದ ಕಾರು ಮೂರನೆಯ ಅಥವಾ ನಾಲ್ಕನೆಯ ಮಾಲೀಕನ ಕೈಗೆ ಬಂದ ಮೇಲೂ ಸಿರಿವಂತರ ಕಾರಿನಂತೆಯೇ ಖರ್ಚು ಬೇಡುತ್ತದೆ. ಇಂಥ ಕಾರು ಕೊಂಡು ನೊಂದವರಲ್ಲಿ ಹೆಚ್ಚಿನವರು ಈ ಲೆಕ್ಕವನ್ನು ಮೊದಲೇ ಹಾಕದೆ ಹೋದವರು.

ಆದ್ದರಿಂದ ಕೊಳ್ಳುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಕೊಂಡ ಮರುವರ್ಷವೇ ಎಂಜಿನ್ ಇಳಿಸಿ ಕೆಲಸ ಮಾಡಿಸಬೇಕಾಗಿ ಬಂದರೆ ಆ ಖರ್ಚನ್ನು ಸಾಲವಿಲ್ಲದೆ ಭರಿಸಲು ಸಾಧ್ಯವೇ? ಆ ಮಾದರಿಯ ಕಾರಿನಲ್ಲಿ ಕೈಪಳಗಿದ ಮೆಕ್ಯಾನಿಕ್ ತಲುಪುವಷ್ಟು ದೂರದಲ್ಲಿ ಇದ್ದಾರೆಯೇ? ಒಂದು ಬಿಡಿಭಾಗ ಕಡಲು ದಾಟಿ ಬರುವವರೆಗೆ ಕಾರು ವಾರಗಟ್ಟಲೆ ನಿಂತರೂ ದಿನನಿತ್ಯದ ಓಡಾಟಕ್ಕೆ ಬೇರೊಂದು ವಾಹನ ಇದೆಯೇ? ಮೂರಕ್ಕೂ ಹೌದು ಎನ್ನಲು ಸಾಧ್ಯವಾಗದಿದ್ದರೆ ಸದ್ಯಕ್ಕೆ ಕಾಯುವುದೇ ಒಳಿತೆಂದು ನಾನು ಹೇಳುತ್ತೇನೆ. ಒಂದೇ ಕಾರಿರುವ ಮನೆಯಲ್ಲಿ ಆ ಒಂದು ಕಾರು ಹಳೆಯ ಸ್ಪೋರ್ಟ್ಸ್ ಕಾರಾದರೆ, ಅದನ್ನು ಪ್ರೀತಿಸುವುದು ಬಹಳ ದಿನ ಸಾಧ್ಯವಾಗುವುದಿಲ್ಲ.

ಈ ಕಾರುಗಳು ಏನು ಕೊಡುತ್ತವೆ

ಮೊದಲನೆಯದು ಓಡಿಸುವ ಸುಖ, ಮತ್ತು ಆ ಸುಖಕ್ಕೆ ತಾಂತ್ರಿಕ ಕಾರಣಗಳಿವೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕಾರಿನ ಆರಂಭದ 1.6 ಲೀಟರ್ ಮಾದರಿ ಒಂದು ಟನ್ನಿಗಿಂತಲೂ ಹಗುರವಾಗಿತ್ತು. ಅದರ ಎಂಜಿನ್ ಶಕ್ತಿ ಸುಮಾರು 115 ಅಶ್ವಶಕ್ತಿ ಮಾತ್ರ. ಕಾಗದದ ಮೇಲೆ ಅದು ಏನೇನೂ ಅಲ್ಲ. ಆದರೆ ಹಗುರವಾದ ಕಾರು ತಿರುವಿನಲ್ಲಿ ತಡಮಾಡದೆ ತಿರುಗುತ್ತದೆ, ಬ್ರೇಕಿಗೆ ಬೇಗ ಮಣಿಯುತ್ತದೆ, ಟೈರುಗಳನ್ನು ಕಡಿಮೆ ಸವೆಸುತ್ತದೆ, ಮತ್ತು ಸಾಧಾರಣ ವೇಗದಲ್ಲೂ ಓಡಿಸುವವರಿಗೆ ಕೆಲಸ ಕೊಡುತ್ತದೆ. ಇಂದಿನ ಕಾರುಗಳು ಸುರಕ್ಷತೆಗಾಗಿ, ಸೌಕರ್ಯಕ್ಕಾಗಿ ನೂರಾರು ಕಿಲೊ ಹೆಚ್ಚು ಹೊತ್ತಿವೆ. ಅವುಗಳ ವಿದ್ಯುತ್ ಚಾಲಿತ ಸ್ಟೀರಿಂಗ್ ಕೈಗೆ ಹಗುರವೇನೋ ಹೌದು, ಆದರೆ ಮುಂದಿನ ಚಕ್ರಗಳು ರಸ್ತೆಯನ್ನು ಎಷ್ಟು ಹಿಡಿದಿವೆ ಎಂಬುದನ್ನು ಅಂಗೈಗೆ ತಿಳಿಸುವುದರಲ್ಲಿ ಹಳೆಯ ಹೈಡ್ರಾಲಿಕ್ ಸ್ಟೀರಿಂಗಿಗೆ ಬಹುಪಾಲು ಸಾಟಿಯಾಗುವುದಿಲ್ಲ.

ಎಂಜಿನ್‌ಗಳ ಮಾತೂ ಹೀಗೆಯೇ. 1999ರಲ್ಲಿ ಬಂದ ಹೋಂಡಾ ಎಸ್2000 ಕಾರಿನ ಎರಡು ಲೀಟರ್ ಎಂಜಿನ್ ಟರ್ಬೊ (ಎಂಜಿನ್ನಿಗೆ ಒತ್ತಡದಿಂದ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದೆಯೇ ಸುಮಾರು 240 ಅಶ್ವಶಕ್ತಿ ಕೊಡುತ್ತಿತ್ತು, ಮತ್ತು ನಿಮಿಷಕ್ಕೆ ಸುಮಾರು 9,000 ಸುತ್ತುಗಳವರೆಗೆ ಏರುತ್ತಿತ್ತು. ಪೋರ್ಷೆ 911 ಕಾರಿನ ಗಾಳಿಯಿಂದ ತಣಿಯುವ ಎಂಜಿನ್ 1998ರ ಸುಮಾರಿಗೆ ನಿಂತುಹೋಯಿತು. ಹೊಗೆ ಮತ್ತು ಶಬ್ದದ ನಿಯಮಗಳು ಬಿಗಿಯಾದ ಮೇಲೆ ಇಂಥವನ್ನು ಹೊಸದಾಗಿ ತಯಾರಿಸುವುದು ಕಷ್ಟ. ಆ ಅನುಭವ ಬೇಕೆಂದರೆ ಹಳೆಯ ಕಾರಿನ ಬಳಿಗೇ ಹೋಗಬೇಕು, ಬೇರೆ ದಾರಿಯಿಲ್ಲ.

ಎರಡನೆಯ ಲಾಭ ಬೆಲೆಗೆ ಸಂಬಂಧಿಸಿದ್ದು. ಹೊಸ ಸ್ಪೋರ್ಟ್ಸ್ ಕಾರು ಮೊದಲ ಕೆಲವು ವರ್ಷಗಳಲ್ಲೇ ತನ್ನ ಬೆಲೆಯ ದೊಡ್ಡ ಭಾಗವನ್ನು ಕಳೆದುಕೊಳ್ಳುತ್ತದೆ. ಹಳೆಯ ಕಾರಿನ ವಿಷಯದಲ್ಲಿ ಆ ನಷ್ಟವನ್ನು ಹಿಂದಿನ ಮಾಲೀಕರು ಹೊತ್ತಾಗಿದೆ. ಚೆನ್ನಾಗಿ ನೋಡಿಕೊಂಡ ಕಾರನ್ನು ಐದು ವರ್ಷ ಓಡಿಸಿ ಕೊಂಡ ಬೆಲೆಗೆ ಹತ್ತಿರದ ಮೊತ್ತಕ್ಕೆ ಮಾರಿದವರಿದ್ದಾರೆ. ನಿಸಾನ್ ಸ್ಕೈಲೈನ್ ಜಿಟಿ-ಆರ್, 1993ರಿಂದ 2002ರವರೆಗೆ ತಯಾರಾದ ಟೊಯೋಟಾ ಸುಪ್ರಾ ಮುಂತಾದ ಕೆಲವು ಮಾದರಿಗಳ ಬೆಲೆ ಏರಿದ್ದೂ ಉಂಟು. ಆದರೂ ಹೂಡಿಕೆಯೆಂದು ತಿಳಿದು ಇಂಥ ಕಾರನ್ನು ಕೊಳ್ಳಬಾರದು. ಏರಿದ ಬೆಲೆಯಿಂದ ಸರ್ವಿಸ್, ವಿಮೆ, ನಿಲ್ಲಿಸುವ ಜಾಗ ಇವುಗಳ ಖರ್ಚನ್ನು ಕಳೆದು ನೋಡಿದರೆ ಉಳಿಯುವುದು ಅಲ್ಪ.

ಮೂರನೆಯದನ್ನು ಅನೇಕರು ಗಮನಿಸುವುದಿಲ್ಲ. ಕೆಲವು ಕಂಪನಿಗಳು ತಮ್ಮ ಹಳೆಯ ಕಾರುಗಳ ಬಿಡಿಭಾಗಗಳನ್ನು ಮತ್ತೆ ತಯಾರಿಸತೊಡಗಿವೆ. ಮಾಜ್ದಾ 2017ರಲ್ಲಿ ಮೊದಲ ತಲೆಮಾರಿನ ಎಂಎಕ್ಸ್-5 ಕಾರಿಗೆ ಪುನರುಜ್ಜೀವನದ ಯೋಜನೆಯನ್ನು ಆರಂಭಿಸಿತು. ಅದೇ ವರ್ಷ ನಿಸಾನ್ ಆರ್32 ಎಂಬ ತಲೆಮಾರಿನ ತನ್ನ ಸ್ಕೈಲೈನ್ ಜಿಟಿ-ಆರ್ ಭಾಗಗಳನ್ನು, 2020ರಲ್ಲಿ ಟೊಯೋಟಾ ತನ್ನ ಎರಡು ತಲೆಮಾರುಗಳ ಸುಪ್ರಾ ಭಾಗಗಳನ್ನು ಮತ್ತೆ ಒದಗಿಸಲಾರಂಭಿಸಿದವು. ಪೋರ್ಷೆಯ ಹಳೆಯ ಕಾರುಗಳ ವಿಭಾಗ ಈ ಕೆಲಸದಲ್ಲಿ ಮುಂದಿದೆ. ನೀವು ಆಯ್ದ ಮಾದರಿಗೆ ಇಂಥ ಬೆಂಬಲ ಇದೆಯೇ ಇಲ್ಲವೇ ಎಂಬುದು ಕಾರಿನ ಬಣ್ಣಕ್ಕಿಂತ, ಅಶ್ವಶಕ್ತಿಗಿಂತ ದೊಡ್ಡ ಸಂಗತಿ. ಬಂಪರ್, ಹೆಡ್‌ಲೈಟ್, ಬಾಗಿಲಿನ ರಬ್ಬರ್ ಪಟ್ಟಿ, ಡ್ಯಾಶ್‌ಬೋರ್ಡ್ ಭಾಗಗಳು ಸಿಗದ ಕಾರು ಒಂದು ಸಣ್ಣ ಅಪಘಾತದಿಂದಲೇ ವರ್ಷಗಟ್ಟಲೆ ಮೂಲೆ ಸೇರಬಹುದು.

ಮಾದರಿ ಆಯ್ಕೆಗೆ ಮೊದಲು ಅದರ ಕಾಯಿಲೆ ತಿಳಿಯಿರಿ

ಪ್ರತಿಯೊಂದು ಹಳೆಯ ಸ್ಪೋರ್ಟ್ಸ್ ಕಾರಿಗೂ ತನ್ನದೇ ಆದ ಒಂದೆರಡು ಹುಟ್ಟುದೋಷಗಳಿರುತ್ತವೆ. ಅವು ಗುಟ್ಟಲ್ಲ. ಆ ಮಾದರಿಯನ್ನು ಬಲ್ಲವರೆಲ್ಲರಿಗೂ ತಿಳಿದಿರುತ್ತವೆ. ಕೊಳ್ಳುವವರು ಮಾತ್ರ ಅದನ್ನು ತಿಳಿಯದೆ ಬಂದರೆ ಮಾರುವವರಿಗೆ ಅನುಕೂಲ. ಈ ವಿಷಯವನ್ನು ನಾನು ತುಸು ವಿಸ್ತರಿಸಿಯೇ ಹೇಳಬೇಕಾಗಿದೆ, ಏಕೆಂದರೆ ಒಳ್ಳೆಯ ವ್ಯವಹಾರವೂ ಕೆಟ್ಟ ವ್ಯವಹಾರವೂ ಇಲ್ಲೇ ಬೇರೆಯಾಗುತ್ತವೆ.

ನೀರಿನಿಂದ ತಣಿಯುವ ಎಂಜಿನ್ ಇರುವ ಮೊದಲ ಪೋರ್ಷೆ 911, ಅಂದರೆ 996 ಎಂದು ಕರೆಯಲಾಗುವ ಮಾದರಿಯಲ್ಲಿಯೂ, ಅದರ ಸೋದರನಾದ 986 ಬಾಕ್ಸ್‌ಸ್ಟರ್ ಕಾರಿನಲ್ಲಿಯೂ ಎಂಜಿನ್ನಿನ ಒಳಗೆ ಒಂದು ಮಧ್ಯಂತರ ಶಾಫ್ಟ್ (ಎಂಜಿನ್ನಿನ ತಿರುಗುವಿಕೆಯನ್ನು ವಾಲ್ವುಗಳ ಕಡೆಗೆ ಸಾಗಿಸುವ ದಂಡ) ಇದೆ. ಅದರ ಬೇರಿಂಗ್ ಕೆಲವು ಕಾರುಗಳಲ್ಲಿ ಮುನ್ಸೂಚನೆಯಿಲ್ಲದೆ ಮುರಿದು ಇಡೀ ಎಂಜಿನ್ನನ್ನೇ ಹಾಳುಮಾಡಿದೆ. ಎಲ್ಲ ಕಾರುಗಳಲ್ಲೂ ಹೀಗಾಗುವುದಿಲ್ಲ. ಆದರೆ ಕ್ಲಚ್ ಬದಲಿಸುವಾಗ ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿರುವುದರಿಂದ ಆ ಸಮಯದಲ್ಲೇ ಬೇರಿಂಗನ್ನೂ ಬದಲಿಸುವುದು ಜಾಣತನ. ಆ ಕೆಲಸದ ಬಿಲ್ ಇರುವ ಕಾರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅದೇ ತಲೆಮಾರಿನ ಟರ್ಬೊ ಮತ್ತು ಜಿಟಿ3 ಮಾದರಿಗಳಲ್ಲಿ ಬೇರೆ ವಿನ್ಯಾಸದ ಎಂಜಿನ್ ಇರುವುದರಿಂದ ಅವುಗಳಿಗೆ ಈ ತೊಂದರೆ ಇಲ್ಲ.

1982ರಿಂದ 1991ರವರೆಗೆ ತಯಾರಾದ ಪೋರ್ಷೆ 944 ಕಾರಿನ ಮುಖ್ಯ ಅಪಾಯ ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಹೊಂದಿಸುವ ಪಟ್ಟಿ. ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಜೊತೆಗೆ ಕಂಪನ ತಗ್ಗಿಸುವ ಶಾಫ್ಟುಗಳಿಗೆಂದು ಇನ್ನೊಂದು ಬೆಲ್ಟ್ ಇದೆ. ಅದು ತುಂಡಾಗಿ ಮೊದಲನೆಯದಕ್ಕೆ ಸಿಕ್ಕಿಕೊಂಡರೂ ಫಲಿತಾಂಶ ಒಂದೇ. ಇಂಥ ಬೆಲ್ಟುಗಳ ಆಯುಸ್ಸನ್ನು ಕಿಲೊಮೀಟರಿನಲ್ಲಿ ಮಾತ್ರ ಅಳೆಯಬಾರದು, ವರ್ಷಗಳಲ್ಲೂ ಅಳೆಯಬೇಕು. ಹತ್ತು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಕಾರಿನ ಬೆಲ್ಟ್ ಸ್ವಲ್ಪವೇ ಓಡಿದ್ದರೂ ಹಳೆಯ ಬೆಲ್ಟೇ. ಫೆರಾರಿ ಎಫ್355 ಕಾರಿನಲ್ಲಿ ಈ ಸಾಮಾನ್ಯ ಕೆಲಸಕ್ಕೆ ಎಂಜಿನ್ನನ್ನೇ ಕಾರಿನಿಂದ ಹೊರತೆಗೆಯಬೇಕು. ಅದರ ನಂತರ ಬಂದ 360 ಮಾದರಿಯಲ್ಲಿ ಎಂಜಿನ್ ಇಳಿಸದೆಯೇ ಬೆಲ್ಟ್ ಬದಲಿಸಬಹುದು. ನೋಡುವವರಿಗೆ ಇವೆರಡೂ ಅಕ್ಕಪಕ್ಕದ ಕಾರುಗಳು, ಸಾಕುವವರಿಗೆ ಮಾತ್ರ ಅಜಗಜಾಂತರ.

1990ರ ದಶಕದ ಮಾಜ್ದಾ ಆರ್‌ಎಕ್ಸ್-7 ಕಾರಿನಲ್ಲಿ ಪಿಸ್ಟನ್‌ಗಳೇ ಇಲ್ಲ. ತ್ರಿಕೋನಾಕಾರದ ಎರಡು ರೋಟರ್‌ಗಳು ತಿರುಗುತ್ತವೆ, ಮತ್ತು ಅವುಗಳ ತುದಿಯ ಸೀಲುಗಳು ಸವೆದರೆ ಎಂಜಿನ್ ಬಿಚ್ಚುವುದಲ್ಲದೆ ಗತಿಯಿಲ್ಲ. ಆ ಸೀಲುಗಳಿಗೆ ಜಿಡ್ಡು ಸಿಗಲೆಂದು ಎಂಜಿನ್ ತಾನಾಗಿಯೇ ಸ್ವಲ್ಪ ಆಯಿಲ್ ಸುಡುತ್ತದೆ. ಅದು ದೋಷವಲ್ಲ, ವಿನ್ಯಾಸ. ಹಾಗಾಗಿ ಪೆಟ್ರೋಲ್ ತುಂಬಿಸುವಾಗಲೆಲ್ಲ ಆಯಿಲ್ ಮಟ್ಟ ನೋಡುವ ಅಭ್ಯಾಸ ಬೇಕು. ಇದರ ಕಂಪ್ರೆಷನ್ (ಎಂಜಿನ್ನೊಳಗೆ ಅದುಮಿದ ಗಾಳಿಯ ಒತ್ತಡ) ಅಳೆಯಲು ರೋಟರಿ ಎಂಜಿನ್ನಿಗೆಂದೇ ಮಾಡಿದ ಉಪಕರಣ ಬೇಕಾಗುತ್ತದೆ. ಸಾಮಾನ್ಯ ಗೇಜಿನಲ್ಲಿ ಅಳೆದು "ಕಂಪ್ರೆಷನ್ ಚೆನ್ನಾಗಿದೆ" ಎನ್ನುವವರ ಮಾತನ್ನು ನಂಬಬಾರದು.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಇ46 ತಲೆಮಾರಿನ ಬಿಎಂಡಬ್ಲ್ಯು ಎಂ3 ಕಾರಿನಲ್ಲಿ ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ಜಾಗದ ತಗಡು ಬಿರುಕು ಬಿಡುತ್ತದೆ, ಮತ್ತು ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನ ಮುಖ್ಯ ತಿರುಗುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್ ಬೇರಿಂಗುಗಳು ಬೇಗ ಸವೆಯುತ್ತವೆ. ಆರಂಭದ ಆರ್32 ಜಿಟಿ-ಆರ್ ಎಂಜಿನ್ನಿನಲ್ಲಿ ಆಯಿಲ್ ಪಂಪನ್ನು ತಿರುಗಿಸುವ ಕ್ರ್ಯಾಂಕಿನ ಭಾಗ ಕಿರಿದಾಗಿದ್ದು, ಬಿರುಸಾಗಿ ಓಡಿಸಿದಾಗ ಪಂಪ್ ಮುರಿದ ಉದಾಹರಣೆಗಳಿವೆ. ಮೊದಲ ವರ್ಷಗಳ ಎಂಎಕ್ಸ್-5 ಕಾರಿನಲ್ಲಿ ಕ್ರ್ಯಾಂಕಿನ ಮೂತಿ ಚಿಕ್ಕದಾಗಿದ್ದು, ಅದರ ಪುಲ್ಲಿ ಸಡಿಲಗೊಳ್ಳುವ ದೋಷವಿತ್ತು. ಮೊದಲ ಲೋಟಸ್ ಎಲೀಸ್ ಕಾರಿನ ಎಂಜಿನ್ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ ಮತ್ತು ಕೆಳಭಾಗದ ನಡುವಿನ ಸೀಲು) ಸುಡುವುದಕ್ಕೆ ಹೆಸರಾದದ್ದು. ಇವೆಲ್ಲವಕ್ಕೂ ಪರಿಹಾರವಿದೆ. ಪರಿಹಾರ ಈಗಾಗಲೇ ಆಗಿದೆಯೇ, ಅದಕ್ಕೆ ಬಿಲ್ ಇದೆಯೇ ಎಂಬುದಷ್ಟೇ ಪ್ರಶ್ನೆ.

ಬೇರೆ ದೇಶಕ್ಕೆಂದು ತಯಾರಾದ ಕಾರಿನ ತೊಡಕುಗಳು

ಕಂಪನಿಯೇ ನಿಮ್ಮ ದೇಶದಲ್ಲಿ ಮಾರಿದ ವಿದೇಶಿ ಕಾರು ಒಂದು ಬಗೆ. ಬೇರೊಂದು ದೇಶದ ಒಳಮಾರುಕಟ್ಟೆಗೆಂದು ತಯಾರಾಗಿ ಅಲ್ಲಿ ಓಡಿ, ಆಮೇಲೆ ಖಾಸಗಿಯಾಗಿ ಆಮದಾದದ್ದು ಇನ್ನೊಂದು ಬಗೆ. ಎರಡನೆಯದರಲ್ಲಿ ತೊಡಕು ಹೆಚ್ಚು. ಜಪಾನಿಗೆಂದೇ ತಯಾರಾದ ಕಾರುಗಳಿಗೆ 17 ಅಕ್ಷರಗಳ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ ಇರುವುದಿಲ್ಲ, ಅದಕ್ಕಿಂತ ಚಿಕ್ಕದಾದ ಚಾಸಿ ಸಂಖ್ಯೆ ಇರುತ್ತದೆ. ಇದರಿಂದ ಬಿಡಿಭಾಗ ಹುಡುಕುವಾಗ, ವಿಮೆ ಮಾಡಿಸುವಾಗ, ನೋಂದಣಿಯಲ್ಲಿ ಗಣಕಯಂತ್ರವು ಸಂಖ್ಯೆಯನ್ನು ಸ್ವೀಕರಿಸದೆ ಓಡಾಡಬೇಕಾಗುತ್ತದೆ. ಮೇಲ್ನೋಟಕ್ಕೆ ಒಂದೇ ಆಗಿರುವ ಭಾಗವೂ ಮಾರುಕಟ್ಟೆಯಿಂದ ಮಾರುಕಟ್ಟೆಗೆ ಬೇರೆಯಾಗಿರಬಹುದು. ಆದ್ದರಿಂದ ಕಾರಿನ ಮಾದರಿಯ ಹೆಸರು ಹೇಳಿ ಭಾಗ ತರಿಸದೆ, ಹಳೆಯ ಭಾಗದ ಮೇಲಿನ ಸಂಖ್ಯೆಯನ್ನು ಓದಿ ತರಿಸಬೇಕು.

ಕಾನೂನಿನ ಮಾತು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕವು ತನ್ನ ಸುರಕ್ಷತಾ ನಿಯಮಗಳಿಂದ 25 ವರ್ಷ ತುಂಬಿದ ಕಾರಿಗೆ ವಿನಾಯಿತಿ ಕೊಡುತ್ತದೆ, ಕೆನಡಾದಲ್ಲಿ ಆ ಮಿತಿ 15 ವರ್ಷ. ಕೆಲವು ದೇಶಗಳು ಹಳೆಯ ಕಾರಿನ ಆಮದನ್ನೇ ತಡೆಯುತ್ತವೆ, ಇನ್ನು ಕೆಲವು ಸ್ಟೀರಿಂಗ್ ಯಾವ ಬದಿಗಿರಬೇಕೆಂದು ಕಟ್ಟಳೆ ಮಾಡಿವೆ. ಕಾರು ಈಗಾಗಲೇ ದೇಶದೊಳಗಿದ್ದರೂ ಅದರ ಆಮದು ಸುಂಕದ ರಸೀದಿ, ಬಂದರಿನಿಂದ ಬಿಡಿಸಿಕೊಂಡ ಪತ್ರ, ಈಗಿನ ನೋಂದಣಿ ಈ ಮೂರರಲ್ಲೂ ಚಾಸಿ ಸಂಖ್ಯೆ ಒಂದೇ ಆಗಿದೆಯೇ ಎಂದು ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಆಮೇಲೆ ಕಾರಿನ ಮೇಲೆ ಕೆತ್ತಿದ ಸಂಖ್ಯೆಯನ್ನೂ ಕಣ್ಣಾರೆ ನೋಡಬೇಕು. ಕಾಗದದಲ್ಲಿ ಕೊರತೆಯಿರುವ ಕಾರನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಮುಟ್ಟಬಾರದು. ಎಂಜಿನ್ ದೋಷವನ್ನು ಹಣದಿಂದ ಸರಿಪಡಿಸಬಹುದು, ಸುಂಕ ಕಟ್ಟದ ಕಾರು ಮುಟ್ಟುಗೋಲಾದರೆ ಹಣವೂ ಕಾರೂ ಎರಡೂ ಹೋಗುತ್ತವೆ.

ಜಪಾನಿನಿಂದ ಬಂದ ಕಾರಾದರೆ ಅಲ್ಲಿನ ಹರಾಜಿನ ತಪಾಸಣಾ ಹಾಳೆಯನ್ನು ಕೇಳಿರಿ. ಅದರಲ್ಲಿ ಒಟ್ಟು ದರ್ಜೆಯೂ, ಕಾರಿನ ಚಿತ್ರದ ಮೇಲೆ ಗುರುತುಗಳೂ ಇರುತ್ತವೆ. ಎ ಎಂದರೆ ಗೀರು, ಯು ಎಂದರೆ ತಗ್ಗು, ಡಬ್ಲ್ಯು ಎಂದರೆ ತಟ್ಟಿ ಸರಿಪಡಿಸಿದ ಅಲೆ, ಎಸ್ ಎಂದರೆ ತುಕ್ಕು, ಎಕ್ಸ್‌ಎಕ್ಸ್ ಎಂದರೆ ಬದಲಿಸಿದ ಭಾಗ. ದರ್ಜೆಯ ಜಾಗದಲ್ಲಿ ಆರ್ ಎಂಬ ಅಕ್ಷರವಿದ್ದರೆ ಕಾರಿನ ಚೌಕಟ್ಟಿಗೆ ಪೆಟ್ಟಾಗಿ ರಿಪೇರಿಯಾಗಿದೆ ಎಂದರ್ಥ. ಹಾಳೆಯಲ್ಲಿನ ಓಡೋಮೀಟರ್ ಅಂಕೆಯನ್ನು ಈಗಿನ ಅಂಕೆಯೊಡನೆ ಹೋಲಿಸಿ ನೋಡಿದರೆ, ಕಡಲು ದಾಟುವಾಗ ಮೀಟರ್ ಹಿಂದಕ್ಕೆ ತಿರುಗಿದೆಯೇ ಎಂಬುದೂ ತಿಳಿಯುತ್ತದೆ.

ಪೆಟ್ರೋಲ್ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಜಪಾನಿನ ಟರ್ಬೊ ಕಾರುಗಳನ್ನು ಅಲ್ಲಿ ಸಿಗುವ ಸುಮಾರು 100 ಆಕ್ಟೇನಿನ ಪ್ರೀಮಿಯಂ ಪೆಟ್ರೋಲಿಗೆ ಹೊಂದಿಸಲಾಗಿದೆ. ಅದಕ್ಕಿಂತ ಕೆಳದರ್ಜೆಯ ಪೆಟ್ರೋಲ್ ಹಾಕಿ ಪೂರ್ತಿ ಒತ್ತಿ ಓಡಿಸಿದರೆ ಎಂಜಿನ್ ನಾಕಿಂಗ್ (ಒಳಗೆ ಇಂಧನ ಅಕಾಲದಲ್ಲಿ ಸಿಡಿಯುವುದು) ಆಗಿ ಪಿಸ್ಟನ್ ಕರಗಬಹುದು. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಇಂಧನ ಹೋಸುಗಳ ರಬ್ಬರನ್ನು ತಿನ್ನುತ್ತದೆ. ಅವುಗಳನ್ನು ಎಥನಾಲ್ ತಡೆಯುವ ಹೋಸುಗಳಿಂದ ಬದಲಿಸುವುದು ಅಗ್ಗದ ಕೆಲಸ, ಬೆಂಕಿಯಿಂದ ಕಾಯುವ ಕೆಲಸವೂ ಹೌದು. ಹೆಡ್‌ಲೈಟಿನ ಬೆಳಕು ರಸ್ತೆಯ ಯಾವ ಬದಿಗೆ ಬೀಳುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಸಂಚಾರದ ಬದಿ ಬೇರೆಯಿದ್ದರೆ ಅದು ಎದುರು ಬರುವವರ ಕಣ್ಣು ಕುಕ್ಕುತ್ತದೆ.

ತಪಾಸಣೆ ಮಾಡುವ ಕ್ರಮ

ಕಾರನ್ನು ನೋಡಲು ಹಗಲಿನಲ್ಲಿ, ಮಳೆಯಿಲ್ಲದ ದಿನ ಹೋಗಬೇಕು. ಒದ್ದೆಯಾದ ಪೇಂಟ್ ಎಲ್ಲ ದೋಷವನ್ನೂ ಮರೆಮಾಚುತ್ತದೆ. ಬರುವ ಮುನ್ನ ಎಂಜಿನ್ ಸ್ಟಾರ್ಟ್ ಮಾಡಬೇಡಿರೆಂದು ಮಾಲೀಕರಿಗೆ ಮೊದಲೇ ಹೇಳಿರಿ, ಮತ್ತು ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿರಿ. ಬೆಚ್ಚಗಿದ್ದರೆ ಯಾವುದೋ ಶಬ್ದವನ್ನೋ ಹೊಗೆಯನ್ನೋ ಮುಚ್ಚಿಡಲಾಗಿದೆ ಎಂಬ ಅನುಮಾನಕ್ಕೆ ಎಡೆಯುಂಟು. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲಿನಿಂದಲೋ ಟರ್ಬೊದಿಂದಲೋ ಆಯಿಲ್ ಒಳಗೆ ಹೋಗುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬಂದರೆ ಹೆಡ್ ಗ್ಯಾಸ್ಕೆಟ್ ಕುರಿತು ಯೋಚಿಸಬೇಕು.

ತುಕ್ಕನ್ನು ಎಂಜಿನ್ನಿಗಿಂತ ಮೊದಲು ಹುಡುಕಿ ಎಂದು ನಾನು ಒತ್ತಿ ಹೇಳುತ್ತೇನೆ. ಎಂಜಿನ್ ಕೆಟ್ಟರೆ ಬೇರೊಂದು ಎಂಜಿನ್ ಕೂರಿಸಬಹುದು. ಚೌಕಟ್ಟು ತುಕ್ಕು ಹಿಡಿದ ಕಾರಿನಲ್ಲಿ ಕೂರಿಸಲು ಜಾಗವೇ ಗಟ್ಟಿಯಾಗಿ ಉಳಿದಿರುವುದಿಲ್ಲ. ಬಾಗಿಲ ಕೆಳಗಿನ ಸಿಲ್, ಹಿಂದಿನ ಚಕ್ರದ ಕಮಾನು, ಬ್ಯಾಟರಿ ಕೂರುವ ತಟ್ಟೆ, ಸಸ್ಪೆನ್ಷನ್ ಬೋಲ್ಟ್ ಹಾಯುವ ಜಾಗಗಳು, ಡಿಕ್ಕಿಯ ಕಾರ್ಪೆಟ್ಟಿನ ಅಡಿ ಇವುಗಳನ್ನು ಟಾರ್ಚ್ ಹಿಡಿದು ನೋಡಬೇಕು. ಮಡಚುವ ಬಟ್ಟೆಯ ಮೇಲ್ಛಾವಣಿ ಇರುವ ಕಾರುಗಳಲ್ಲಿ ಮಳೆನೀರು ಹರಿದುಹೋಗುವ ರಂಧ್ರಗಳು ಕಸದಿಂದ ಮುಚ್ಚಿಕೊಂಡು ನೀರು ಸಿಲ್ಲಿನೊಳಗೆ ನಿಲ್ಲುತ್ತದೆ. ಎಂಎಕ್ಸ್-5 ಕಾರುಗಳಲ್ಲಿ ಇದು ಸಾಮಾನ್ಯ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ನಾಡಿನಿಂದ ಬಂದ ಕಾರಾದರೆ ಅದರ ಕೆಳಭಾಗವನ್ನು ಲಿಫ್ಟಿನ ಮೇಲೆ ಏರಿಸಿ ನೋಡದೆ ಕೊಳ್ಳಲೇಬಾರದು. ಪೇಂಟಿನ ದಪ್ಪ ಅಳೆಯುವ ಗೇಜ್ ಸಿಕ್ಕರೆ ಪ್ರತಿ ಭಾಗವನ್ನೂ ಅಳೆಯಿರಿ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಸುತ್ತಮುತ್ತ ಇರುತ್ತದೆ. ಒಂದೇ ಬಾಗಿಲಲ್ಲಿ 400, 500 ಎಂದು ತೋರಿಸಿದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ. ಹೋಂಡಾ ಎನ್‌ಎಸ್‌ಎಕ್ಸ್ ಕಾರಿನ ಮೈ ಅಲ್ಯೂಮಿನಿಯಂ ಆದ್ದರಿಂದ ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ. ಆದರೆ ಪೆಟ್ಟು ಬಿದ್ದರೆ ಅದನ್ನು ಸರಿಪಡಿಸಬಲ್ಲವರು ಬಹಳ ಕಡಿಮೆ.

ಓಡಿಸುವಾಗ ಮೊದಲ ಹತ್ತು ನಿಮಿಷ ರೇಡಿಯೊ ಬಂದ್ ಮಾಡಿ, ಮಾತೂ ಆಡದೆ ಕಿವಿಗೊಡಬೇಕು. ತಣ್ಣಗಿರುವಾಗ ಎರಡನೆಯ ಗೇರ್ ಕಿರುಗುಟ್ಟಿದರೆ ಗೇರುಗಳನ್ನು ಸಲೀಸಾಗಿ ಕೂಡಿಸುವ ಸಿಂಕ್ರೊಮೆಷ್ ಸವೆದಿದೆ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ಸಮತಟ್ಟಾದ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆದರೆ ಅಲೈನ್‌ಮೆಂಟ್ ಇರಬಹುದು, ಅಪಘಾತದಲ್ಲಿ ಬಾಗಿದ ಚೌಕಟ್ಟೂ ಇರಬಹುದು. ಕಾರು ಪೂರ್ತಿ ಬಿಸಿಯಾದ ಮೇಲೆ ಹತ್ತು ನಿಮಿಷ ನಿಂತಲ್ಲೇ ಓಡಿಸಿ ತಾಪಮಾನದ ಮುಳ್ಳು ಏರುತ್ತದೆಯೇ ನೋಡಿರಿ, ಆಮೇಲೆ ಆಫ್ ಮಾಡಿ ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿರಿ. ಬಳಿಕ ಪವರ್ ವಿಂಡೊ, ಮೇಲೇಳುವ ಹೆಡ್‌ಲೈಟ್, ವೈಪರ್, ಫ್ಯಾನ್ ಹೀಗೆ ಎಲ್ಲ ಸ್ವಿಚ್ಚುಗಳನ್ನೂ ಒಂದೊಂದಾಗಿ ಒತ್ತಬೇಕು. ಹಳೆಯ ಕಾರಿನ ವೈರಿಂಗ್ ದೋಷ ಹುಡುಕುವಷ್ಟು ಹೊತ್ತು ಹಿಡಿಯುವ ಕೆಲಸ ಗ್ಯಾರೇಜಿನಲ್ಲಿ ಮತ್ತೊಂದಿಲ್ಲ. ಹಲವು ಹಳೆಯ ಕಾರುಗಳಲ್ಲಿ ಎಂಜಿನ್ ನಿಯಂತ್ರಿಸುವ ಇಸಿಯು ಪೆಟ್ಟಿಗೆಯೊಳಗಿನ ಕೆಪಾಸಿಟರ್‌ಗಳು ಸೋರಿ ಇಡೀ ಬೋರ್ಡನ್ನು ಹಾಳುಮಾಡಿದ್ದುಂಟು. ಏಸಿ ತಣ್ಣಗಾಗದಿದ್ದರೆ "ಗ್ಯಾಸ್ ತುಂಬಿಸಿದರೆ ಸಾಕು" ಎಂಬ ಮಾತನ್ನು ಒಪ್ಪಬೇಡಿ. 1990ರ ದಶಕದ ಆರಂಭದವರೆಗಿನ ಕಾರುಗಳಲ್ಲಿ ಬಳಸುತ್ತಿದ್ದ ಆರ್-12 ಅನಿಲದ ತಯಾರಿಕೆಯನ್ನು ಓಜೋನ್ ಪದರದ ರಕ್ಷಣೆಗಾಗಿ ನಿಲ್ಲಿಸಲಾಗಿದೆ. ಬೇರೆ ಅನಿಲಕ್ಕೆ ಬದಲಿಸಲು ಸೀಲು, ಆಯಿಲ್ ಮುಂತಾದವನ್ನೂ ಬದಲಿಸಬೇಕಾಗುತ್ತದೆ.

ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕೆಗಳ ಸಂಖ್ಯೆಯಿರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2314 ಎಂದಿದ್ದರೆ 2014ರ 23ನೆಯ ವಾರದಲ್ಲಿ ತಯಾರಾದದ್ದು. ಟೈರಿನ ಮೇಲ್ಮೈಯ ಗೆರೆಗಳು ಎಷ್ಟೇ ಆಳವಾಗಿದ್ದರೂ ಹತ್ತು ವರ್ಷ ದಾಟಿದ ಟೈರಿನಲ್ಲಿ ಸ್ಪೋರ್ಟ್ಸ್ ಕಾರನ್ನು ವೇಗವಾಗಿ ಓಡಿಸಬಾರದು.

ಇಷ್ಟೆಲ್ಲ ನೋಡಿ ಮನಸ್ಸು ಒಪ್ಪಿದರೂ ಅಂತಿಮ ತಪಾಸಣೆಯನ್ನು ಆ ಮಾದರಿಯಲ್ಲಿ ಪರಿಣತರಾದ ಮೆಕ್ಯಾನಿಕ್‌ಗೆ ಹಣ ಕೊಟ್ಟು ಮಾಡಿಸಬೇಕು. ಕಂಪ್ರೆಷನ್ ಪರೀಕ್ಷೆಯಲ್ಲಿ ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇಕಡಾ 10ರಿಂದ 15ರೊಳಗೆ ಇರಬೇಕು. ಅನುಮಾನವಿದ್ದರೆ ಸಿಲಿಂಡರಿನಿಂದ ಗಾಳಿ ಸೋರಿಕೆಯ ಪರೀಕ್ಷೆಯನ್ನೂ ಮಾಡಿಸಬೇಕು. ಇದಕ್ಕೆ ಒಪ್ಪದ ಮಾಲೀಕರಿಂದ ಕಾರು ಕೊಳ್ಳಬೇಡಿ. ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದು ಕಡಿಮೆ ಓಡಿ ದಾಖಲೆಗಳಿಲ್ಲದೆ ಇದ್ದು, ಇನ್ನೊಂದು ಹೆಚ್ಚು ಓಡಿ ಪ್ರತಿ ಸರ್ವಿಸಿನ ಬಿಲ್ಲುಗಳನ್ನು ಕಡತದಲ್ಲಿ ಹೊಂದಿದ್ದರೆ, ನನ್ನ ಆಯ್ಕೆ ಎರಡನೆಯದು. ಟರ್ಬೊ ಒತ್ತಡ ಏರಿಸಿದ, ಸಸ್ಪೆನ್ಷನ್ ತಗ್ಗಿಸಿದ, ಯಾರು ಮಾಡಿದರೆಂದು ತಿಳಿಯದ ಮಾರ್ಪಾಡುಗಳಿರುವ ಕಾರಿಗಿಂತ ಕಾರ್ಖಾನೆಯಿಂದ ಬಂದಂತೆಯೇ ಉಳಿದ ಕಾರು ಎಂದಿಗೂ ಮೇಲು.

ಸುರಕ್ಷತೆಯ ವಿಷಯ

ಇದು ಪ್ರಾಣದ ಮಾತಾದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಪಘಾತದಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇಂದಿನ ಸಾಧಾರಣ ಕಾರಿನಷ್ಟು ನಿಮ್ಮನ್ನು ಕಾಯುವುದಿಲ್ಲ. ಕಾರು ಜಾರುವುದನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅಮೆರಿಕದಲ್ಲಿ 2012ರ ಮಾದರಿಗಳಿಂದ, ಐರೋಪ್ಯ ಒಕ್ಕೂಟದಲ್ಲಿ 2014ರಿಂದ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಅದಕ್ಕೂ ಮುಂಚಿನ ಅನೇಕ ಕಾರುಗಳಲ್ಲಿ ನಿಮ್ಮ ಕಾಲು ಮತ್ತು ಕೈ ಬಿಟ್ಟರೆ ಬೇರೆ ರಕ್ಷಣೆಯಿಲ್ಲ. ಎಂಜಿನ್ ನಡುವಿನಲ್ಲಿರುವ ಟೊಯೋಟಾ ಎಂಆರ್2 ಕಾರಿನ 1989ರ ನಂತರದ ಮಾದರಿಯಲ್ಲಿ, ತಿರುವಿನ ಮಧ್ಯೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮುಂದಕ್ಕೆ ಬರುವಷ್ಟು ಜಾರುತ್ತಿತ್ತು. ಮುಂದೆ ಕಂಪನಿಯೇ ಅದರ ಸಸ್ಪೆನ್ಷನ್ ಬದಲಿಸಿತು. ಇಂಥ ಕಾರು ಕೊಂಡವರು ಮುಚ್ಚಿದ ಮೈದಾನದಲ್ಲಿ ಅಥವಾ ರೇಸ್ ಟ್ರ್ಯಾಕಿನಲ್ಲಿ ತರಬೇತುದಾರರೊಡನೆ ಒಂದು ದಿನ ಕಳೆಯುವುದು ಅತ್ಯಗತ್ಯ. 2000ದ ದಶಕದ ಕಾರಾದರೆ ತಕಾಟಾ ಏರ್‌ಬ್ಯಾಗ್ ಹಿಂಪಡೆಯುವಿಕೆಯ ಪಟ್ಟಿಯಲ್ಲಿ ಅದರ ಸಂಖ್ಯೆ ಇದೆಯೇ ಎಂದು ನೋಡಿರಿ. ಆ ಏರ್‌ಬ್ಯಾಗುಗಳ ಲೋಹದ ಕವಚ ಸಿಡಿದು ಜನ ಸತ್ತಿದ್ದಾರೆ.

ಕೊಂಡ ಮೇಲಿನ ಮೊದಲ ವರ್ಷ

ಹಿಂದಿನವರು ಏನೇ ಹೇಳಿರಲಿ, ಕಾರು ಮನೆಗೆ ಬಂದ ಕೂಡಲೇ ಎಂಜಿನ್ ಆಯಿಲ್, ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲವನ್ನೂ ಬದಲಿಸಿರಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದು ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ತೇವ ಸೇರಿದ ಮೇಲೆ ಆ ಮಿತಿ 155ರವರೆಗೆ ಇಳಿಯಬಹುದು. ಇಳಿಜಾರಿನಲ್ಲಿ ಪದೇಪದೇ ಬ್ರೇಕ್ ಒತ್ತುವಾಗ ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ನಿಯಮವಾಗಬೇಕು. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿದು, ಅದರ ಜೊತೆಗೆ ವಾಟರ್ ಪಂಪ್, ಟೆನ್ಷನರ್ ಮತ್ತು ರೇಡಿಯೇಟರ್ ಹೋಸುಗಳನ್ನೂ ಹಾಕಿಸಿರಿ. ಇವೆಲ್ಲಕ್ಕೂ ಬೇಕಾದ ಹಣವನ್ನು ಕೊಳ್ಳುವ ಬೆಲೆಯಲ್ಲಿಯೇ ಸೇರಿಸಿ ಲೆಕ್ಕ ಹಾಕಿರಬೇಕು. ನಿಮ್ಮಲ್ಲಿರುವ ಅಷ್ಟೂ ಹಣವನ್ನು ಕಾರಿಗೇ ಸುರಿದರೆ ಈ ಕೆಲಸಗಳು ಮುಂದಕ್ಕೆ ಹೋಗುತ್ತವೆ, ಎಂಜಿನ್ ಕೆಡುವುದು ಆಗಲೇ.

ಕಾರನ್ನು ಹೊದಿಕೆ ಹಾಕಿ ತಿಂಗಳುಗಟ್ಟಲೆ ನಿಲ್ಲಿಸುವುದರಿಂದ ಅದು ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ನಿಂತ ಕಾರಿನ ಸೀಲುಗಳು ಒಣಗುತ್ತವೆ, ಬ್ರೇಕ್ ಕ್ಯಾಲಿಪರ್ ಹಿಡಿದುಕೊಳ್ಳುತ್ತದೆ, ಟೈರ್ ಒಂದೇ ಕಡೆ ಚಪ್ಪಟೆಯಾಗುತ್ತದೆ, ಟ್ಯಾಂಕಿನಲ್ಲಿನ ಪೆಟ್ರೋಲ್ ಕೆಲವೇ ತಿಂಗಳಲ್ಲಿ ಕೆಡತೊಡಗುತ್ತದೆ. ಎರಡು ವಾರಕ್ಕೊಮ್ಮೆಯಾದರೂ ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಇನ್ನೂ ಕೆಟ್ಟದ್ದು, ಅದರಿಂದ ಸೈಲೆನ್ಸರಿನಲ್ಲಿಯೂ ಆಯಿಲಿನಲ್ಲಿಯೂ ನೀರು ಸೇರುತ್ತದೆ. ಅನಿವಾರ್ಯವಾಗಿ ನಿಲ್ಲಿಸಬೇಕಾದರೆ ಬ್ಯಾಟರಿಗೆ ನಿಧಾನ ಚಾರ್ಜರ್ ಜೋಡಿಸಿ, ನೆಲದ ತೇವ ತಾಗದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿರಿ.

ವಿಮೆಯನ್ನು ಸಾಧ್ಯವಿದ್ದರೆ ಒಪ್ಪಿತ ಮೌಲ್ಯದ ಆಧಾರದ ಮೇಲೆ ಮಾಡಿಸಿರಿ. ಸಾಮಾನ್ಯ ವಿಮೆಯ ಲೆಕ್ಕದಲ್ಲಿ ಇಪ್ಪತ್ತು ವರ್ಷದ ಕಾರು ಎಂದರೆ ಬೆಲೆಯಿಲ್ಲದ ಕಾರು, ಅಪಘಾತವಾದಾಗ ಸಿಗುವ ಮೊತ್ತದಲ್ಲಿ ಅದರ ಒಂದು ಬಾಗಿಲೂ ಬರುವುದಿಲ್ಲ. ಮೌಲ್ಯವನ್ನು ಮೊದಲೇ ಲಿಖಿತವಾಗಿ ಒಪ್ಪಿಕೊಳ್ಳಲು ಕಾರಿನ ಫೋಟೋಗಳೂ ಬಿಲ್ಲುಗಳೂ ಬೇಕಾಗುತ್ತವೆ. ಅದಕ್ಕಾಗಿ ಮೊದಲ ದಿನದಿಂದಲೇ ಒಂದು ಪುಸ್ತಕವಿಟ್ಟು, ಪ್ರತಿ ಕೆಲಸದ ದಿನಾಂಕ, ಓಡೋಮೀಟರ್ ಅಂಕೆ, ಹಾಕಿದ ಭಾಗದ ಸಂಖ್ಯೆ ಇವನ್ನು ಬರೆದಿಡಿ. ಬಿಚ್ಚಿ ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಹೆಸರು ಬರೆದು ಪೆಟ್ಟಿಗೆಯಲ್ಲಿಡಿ. ಮಾರುಕಟ್ಟೆಯಲ್ಲಿ ಸಿಗದ ಭಾಗವನ್ನು ರಿಪೇರಿ ಮಾಡಿಸುವ ದಿನ ಬಂದರೆ, ಅಳತೆಗೆ ಇರುವುದು ಆ ಹಳೆಯ ತುಂಡೊಂದೇ.